ನಿದ್ದೆಯಲ್ಲಿ ಎತ್ತಿದ ಕೈ

ಅವನ ಮುಷ್ಟಿ ನೇರವಾಗಿ ಅವಳ ಮೂಗಿನ ಮೇಲೆ ಬಿತ್ತು!

ಬೆಳಗಿನ ಮೊದಲ ಬಸ್ಸು ಆಗಷ್ಟೇ ಕೊನೆಯ ಸ್ಟಾಪಿಗೆ ಬಂದು ನಿಂತಿತ್ತು. ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದವನ ಭುಜ ಅಲುಗಿಸಿ, "ರೀ, ಏಳ್ರೀ, ಇಳೀರಿ" ಎಂದಿದ್ದಳು ಕಂಡಕ್ಟರ್ ಹುಡುಗಿ. ಅಷ್ಟೇ! ಟಿಕೆಟ್ ಮೆಷಿನ್ ಕೈಜಾರಿ ಬಿತ್ತು. ಬಾಯಿಗೆಲ್ಲ ಬಿಸಿ ರಕ್ತ ಇಳಿಯಿತು.

"ಹೆಂಗಸಿನ ಮೇಲೆ ಕೈ ಮಾಡ್ತೀಯೇನೋ?"

ಇಳಿಯುತ್ತಿದ್ದವರೆಲ್ಲ ತಿರುಗಿ ಬಂದರು. ಒಬ್ಬ ಕೂದಲು ಹಿಡಿದೆಳೆದ. ಇನ್ನೊಬ್ಬ ಹೊಟ್ಟೆಗೆ ಒದ್ದ. ಸ್ಟೀರಿಂಗ್ ಬಿಟ್ಟು ಹಾರಿ ಬಂದ ಡ್ರೈವರ್ ಅವಳ ಒಡಹುಟ್ಟಿದ ಅಣ್ಣ. ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಬಂದವನೇ ಹೊಡೆದವನ ತಲೆಯನ್ನು ಸೀಟಿನ ಕಂಬಿಗೆ ಜಜ್ಜಿದ.

ಆಗ ಎಚ್ಚರವಾಯಿತು ಆ ಮನುಷ್ಯನಿಗೆ. ಕೆಳಗೆ ಬಿದ್ದಲ್ಲಿಂದಲೇ, ಜನರ ಕಾಲುಗಳ ಸಂದಿಯಿಂದ ಅವಳ ಮುಖ ನೋಡಿ ಗಾಬರಿಯಾದ.

"ಅಯ್ಯೋ... ಯಾರು ಹೊಡೆದ್ರು ನಿಮಗೆ?"

"ನಾಟಕ ನೋಡು ಇವಂದು!" ಎಂದು ಯಾರೋ ಮತ್ತೆ ಒದ್ದರು.

ಆದರೆ ಅವಳು ಆ ಕಣ್ಣುಗಳನ್ನು ನೋಡಿದ್ದಳು. ಸ್ವಂತ ಹುಬ್ಬಿನಿಂದ ರಕ್ತ ಸುರಿಯುತ್ತಿದ್ದರೂ ಅವು ಅವಳ ಮೂಗನ್ನೇ ನೋಡುತ್ತಿದ್ದವು. ಹೊಡೆದವನ ಕಣ್ಣು ಹೀಗಿರುತ್ತದೆಯೇ?

"ಸಾಕು ಬಿಡ್ರೋ! ಸತ್ತೇಹೋಗ್ತಾನೆ!"

ಅವಳ ಕೂಗಿಗೆ ಜನ ಹಿಂದೆ ಸರಿದರು.

ಮರುದಿನ ಅವನು ಅದೇ ಬಸ್ಸಿಗೆ ಬಂದ. ಊದಿದ ಮುಖ, ಅಂಗಿಯ ಮೇಲೆ ಮೈದಾ. ಬೇಕರಿಯಲ್ಲಿ ರಾತ್ರಿಪಾಳಿ ಅವನದು. ಬಸ್ಸು ಖಾಲಿಯಿತ್ತು. ಆದರೂ ಅವನು ಕೂರಲಿಲ್ಲ.

"ಸೀಟ್ ಇದೆಯಲ್ರೀ, ಕೂತ್ಕೊಳ್ಳಿ."

"ಕೂತ್ರೆ ನಿದ್ದೆ ಬರುತ್ತೆ, ಕಂಡಕ್ಟರಮ್ಮ. ನಿಮಗಿರೋದು ಒಂದೇ ಮೂಗು."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಮೂಗು ನೋಯುತ್ತಿತ್ತು... ಆದರೂ ನಕ್ಕಳು.

ರಾತ್ರಿಯಿಡೀ ಒಲೆಯ ಮುಂದೆ ಬೆಂದು ಬಂದವನು ದಿನವೂ ಮನೆಯವರೆಗೆ ನಿಂತೇ ಹೋಗುತ್ತಿದ್ದ. ಆ ನಿಂತ ಕಾಲುಗಳಿಗೇ ಅವಳು ಸೋತಳು. ಅಣ್ಣ ಹಲ್ಲು ಕಡಿದ, ಮಾತು ಬಿಟ್ಟ, ಕೊನೆಗೆ ತಂಗಿಯ ಹಟಕ್ಕೆ ಮಣಿದ. ಮದುವೆಯಾಯಿತು.

ಆದರೆ ಹೊಸ ಮನೆಯಲ್ಲಿ ಗಂಡ ಬೇರೆ ಕೋಣೆಯಲ್ಲಿ ಮಲಗುತ್ತಿದ್ದ. ಒಳಗಿನಿಂದ ಚಿಲಕ ಹಾಕಿಕೊಂಡು!

"ಯಾಕ್ರೀ, ನಾನು ಕಚ್ತೀನಾ?"

"ನನ್ನ ನಿದ್ದೆ ಸರಿಯಿಲ್ಲ ಮಾರಾಯ್ತಿ, ಒದ್ದಾಡ್ತೀನಿ" ಎಂದು ತೇಲಿಸಿಬಿಡುತ್ತಿದ್ದ. ಎಚ್ಚರವಿದ್ದಾಗ ಬೆಣ್ಣೆಯಂಥ ಮನುಷ್ಯ. ನಿದ್ದೆ ಬರುವ ಹೊತ್ತಿಗೆ ಪರಕೀಯ. *ನಾನು ಇವರಿಗೆ ಬೇಡವೇನೋ...* ಎಂಬ ಹುಳು ಅವಳ ತಲೆ ಹೊಕ್ಕಿತು.

ಅವಳಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅವನು ಚಿಲಕ ಹಾಕಲು ಮರೆತಿದ್ದ. ಅವಳು ಸದ್ದಿಲ್ಲದೆ ಹೋಗಿ ಪಕ್ಕದಲ್ಲಿ ಮಲಗಿದಳು. ಅವನ ಬೆನ್ನಿಗೆ ಕೆನ್ನೆಯಿಟ್ಟಳು. ಎಷ್ಟು ಹಿತವಾಗಿತ್ತು!

ಕಣ್ಣು ಹತ್ತಿತ್ತಷ್ಟೇ, ಅವಳ ಕುತ್ತಿಗೆಗೆ ಎರಡು ಕೈ ಬಿದ್ದವು.

"ಸಾಯಿ! ಬಿಡಲ್ಲ ನಿನ್ನ! ಸಾಯಿ!"

ದಿನಾ ಹಿಟ್ಟು ನಾದುವ ಕೈಗಳು. ಉಸಿರು ನಿಂತಿತು. ಅವಳು ಒದ್ದಳು, ಪರಚಿದಳು, ಕೊನೆಗೆ ಅವನ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದಳು. ಹಿಡಿತ ಸಡಿಲಾಯಿತು. ಮಂಚದಿಂದ ಉರುಳಿದವಳ ಹಣೆ ಸ್ಟೂಲಿನ ಅಂಚಿಗೆ ಬಡಿದು ಸೀಳಿತು.

ಅವನು ಎದ್ದು ಕೂತ. ಅವಳನ್ನು ನೋಡಿದ. ತನ್ನ ಕೈ ನೋಡಿಕೊಂಡ. ಮುಖ ಬೂದಿಯಾಯಿತು.

"ಹೋಗು. ನಿಮ್ಮಣ್ಣನ ಮನೆಗೆ ಹೋಗು."

"ರೀ... ಏನಾಯ್ತು ನಿಮಗೆ? ನನ್ನ ಮೇಲೆ ಅಷ್ಟೊಂದು ದ್ವೇಷಾನಾ?"

ಒಂದು ಮಾತು ಬಿಡಿಸಿ ಹೇಳಿದ್ದರೆ ಸಾಕಿತ್ತು. ಆದರೆ ಅವನು ಗೋಡೆಗೆ ಮುಖ ತಿರುಗಿಸಿದ.

"ಹೌದು ಅಂದ್ಕೋ. ನೀನು ನಂಗೆ ಬೇಡ!"

ಮನೆಗೆ ಬಂದ ತಂಗಿಯ ಕುತ್ತಿಗೆಯ ಮೇಲಿನ ಬೆರಳಿನ ಗುರುತು ಕಂಡದ್ದೇ ತಡ, ಅಣ್ಣ ಎದ್ದು ಹೊರಟ. ಅವಳು ಹಿಂದೆ ಓಡುವಷ್ಟರಲ್ಲಿ ಬೇಕರಿಯ ಹಿತ್ತಲಲ್ಲಿ ಹೊಡೆತ ಶುರುವಾಗಿತ್ತು. ಗಂಡ ಒಂದೇ ಒಂದು ಸಲವೂ ಕೈ ಅಡ್ಡ ತರಲಿಲ್ಲ. "ಹೊಡೀರಿ ಭಾವ... ಇನ್ನೂ ಹೊಡೀರಿ" ಎನ್ನುತ್ತಿದ್ದ! ಪಕ್ಕೆಲುಬು ಲಟಕ್ ಎಂದದ್ದು ಅವಳಿಗೂ ಕೇಳಿಸಿತು. ಬೇಕರಿಯವರು ಬಂದು ಬಿಡಿಸಿದರು. ಅವಳು ಮಾತ್ರ ಕಂಬದಂತೆ ನಿಂತಿದ್ದಳು. *ನಾನು ಬೇಡ ಅಂದವರು... ಬೇಡ ಅಂದವರು...*

ಅಲ್ಲಿಂದ ಅವಳು ನಗುವುದನ್ನೇ ಬಿಟ್ಟಳು. ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡು ಟಿಕೆಟ್ ಹರಿಯುತ್ತಿದ್ದಳು.

ಒಂದು ಬೆಳಿಗ್ಗೆ ಆಸ್ಪತ್ರೆಯ ದಾರಿಯ ಸ್ಟಾಪಿನಲ್ಲಿ ಅತ್ತೆ, ಮಾವ ನಿಂತಿದ್ದರು. ಊರಾಚೆ ಬೇರೆ ಮನೆಯಲ್ಲಿದ್ದವರಿಗೆ ಮಗ ಏನೂ ತಿಳಿಸಿರಲಿಲ್ಲ. ಮಾವನಿಗೆ ಪಾರ್ಕಿನ್ಸನ್ಸ್ ಎಂಬ ನಡುಕದ ಕಾಯಿಲೆ. ಕೈ ನಡುಗುತ್ತಲೇ ಇರುತ್ತಿತ್ತು. ಬಸ್ಸಿನ ಮೆಟ್ಟಿಲೆದುರು ಅವರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟಿತು.

"ಬೇಗ ಹತ್ತಿಸ್ರೀ ಆ ಮುದುಕನ್ನ!" ಎಂದು ಹಿಂದಿನವನೊಬ್ಬ ಅವರನ್ನು ನೂಕಿದ. ಅವಳು ಧುಮುಕಿ ಅವನ ಕಾಲರ್ ಹಿಡಿದಳು. "ಮುಟ್ಟಿದ್ರೆ ಹಲ್ಲು ಉದುರಿಸ್ತೀನಿ!"

ಮಾವನನ್ನು ಹತ್ತಿಸಿ ಕೂರಿಸುವಾಗ ದುಪಟ್ಟಾ ಜಾರಿತು. ಅತ್ತೆ ಬೆಚ್ಚಿಬಿದ್ದರು.

"ಏನೇ ಇದು ಕುತ್ತಿಗೆ ಮೇಲೆ? ಅವನಾ?... ನಿದ್ದೇಲಿದ್ನಾ?"

*ನಿದ್ದೇಲಿ ಅಂತ ಇವರಿಗೆ ಹೇಗೆ ಗೊತ್ತು?* ಅವಳು ತಲೆಯಾಡಿಸಿದಳು.

ಅತ್ತೆ ರವಿಕೆಯ ತೋಳು ಮೇಲೆ ಸರಿಸಿದರು. ಮೊಣಕೈ ಸೊಟ್ಟಗೆ ಕೂಡಿಕೊಂಡಿತ್ತು. "ಇದು ನಿಮ್ಮ ಮಾವ ಮುರಿದಿದ್ದು. ಮುಂದಿನ ಹಲ್ಲೂ ಅವರೇ ಉದುರಿಸಿದ್ದು. ಎಚ್ಚರ ಇದ್ದಾಗ ಒಂದು ದಿನಾನೂ ನಂಗೆ ಗದರಿದವರಲ್ಲ ತಾಯಿ. ಮಲಗಿದ್ರೆ ಯುದ್ಧ! ಈ ನಡುಕ ಬಂದಿದ್ದು ಆಮೇಲೆ, ಎಷ್ಟೋ ವರ್ಷ ಆದ್ಮೇಲೆ. ನಿನ್ನ ಗಂಡ ಚಿಕ್ಕವನಾಗಿದ್ದಾಗ ನನ್ನ ಅವಸ್ಥೆ ನೋಡಿ ಅಳೋನು."

ಮಾವ ಏನೋ ಹೇಳಲು ಹೆಣಗಿದರು. ದನಿ ಪಿಸುಮಾತಾಗಿತ್ತು.

"ನನ್ನ ಮಗ... ಕೆಟ್ಟವನಲ್ಲಮ್ಮ."

ಅವಳು ಅಣ್ಣನಿಗೆ ಹೇಳಿ ಅರ್ಧ ದಿನ ರಜೆ ಹಾಕಿ, ಅವರೊಂದಿಗೇ ಆಸ್ಪತ್ರೆಗೆ ಹೋದಳು.

ಮಾವನನ್ನು ನೋಡುವ ಡಾಕ್ಟರಮ್ಮ ಇಂಥ ಕಾಯಿಲೆಗಳ ಮೇಲೇ ಸಂಶೋಧನೆ ಮಾಡುತ್ತಿದ್ದರು. ಅವಳ ಕುತ್ತಿಗೆ ನೋಡಿ, ಎಲ್ಲ ಕೇಳಿಸಿಕೊಂಡರು.

"ಕನಸು ಬೀಳುವಾಗ ಮಿದುಳು ನಮ್ಮ ಕೈಕಾಲಿಗೆ ಬೀಗ ಹಾಕಿರುತ್ತೆ. ಕೆಲವರಲ್ಲಿ ಆ ಬೀಗ ಕೆಟ್ಟಿರುತ್ತೆ. ಕನಸಲ್ಲಿ ಹೊಡೆದದ್ದು ಹಾಸಿಗೇಲೂ ಬೀಳುತ್ತೆ. ಇದು ಸಿಟ್ಟಲ್ಲ, ದ್ವೇಷಾನೂ ಅಲ್ಲ. ಕಾಯಿಲೆ. ಇಲ್ಲಿ ಮಲಗಿಸಿ ಪರೀಕ್ಷೆ ಮಾಡಿದ ಮೇಲೇ ಖಚಿತವಾಗಿ ಹೇಳಬಲ್ಲೆ."

"ವಾಸಿ ಆಗುತ್ತಾ ಡಾಕ್ಟರೇ?"

"ಹೊಡೆದಾಟ ಎಷ್ಟೋ ಮಟ್ಟಿಗೆ ಹತೋಟಿಗೆ ತರಬಹುದು, ಔಷಧಿ ಇದೆ. ಆದರೆ..." ಡಾಕ್ಟರಮ್ಮ ಮಾವನ ನಡುಗುವ ಕೈ ನೋಡಿದರು. "ಇದಿರುವ ಬಹಳ ಜನಕ್ಕೆ ಮುಂದೆ ಯಾವತ್ತೋ ಪಾರ್ಕಿನ್ಸನ್ಸ್ ಅಥವಾ ಅಂಥದ್ದೇ ಕಾಯಿಲೆ ಬರಬಹುದು. ಬರದೆಯೂ ಇರಬಹುದು. ಬರೋದಕ್ಕೆ ಮೊದಲೇ ತಡೆಯೋ ದಾರಿ ಇದೆಯಾ ಅಂತಲೇ ನಾವು ಹುಡುಕ್ತಿರೋದು. ಅವರನ್ನ ಕರ್ಕೊಂಡು ಬನ್ನಿ. ಒಂದು ಮಾತು, ನಿದ್ದೇಲಿ ಒದ್ದಾಡುವಾಗ ಮುಟ್ಟಬೇಡಿ. ದೂರ ನಿಂತು ಹೆಸರು ಕರೀರಿ."

ಅಲ್ಲಿಂದ ಅವಳು ನೇರವಾಗಿ ಬೇಕರಿಗೆ ಹೋಗಿ ಉಗ್ರಾಣದ ಬಾಗಿಲು ತೆರೆದಳು. ಮೈದಾ ಚೀಲಗಳ ನಡುವೆ ಅವನು ಮಲಗಿದ್ದ. ಕೈಗಳನ್ನು ತಾನೇ ಹಲ್ಲಿನಿಂದ ಬಿಗಿದು ಹಗ್ಗದಲ್ಲಿ ಕಟ್ಟಿಕೊಂಡಿದ್ದ! ಮಣಿಕಟ್ಟು ಹಸಿ ಹುಣ್ಣಾಗಿತ್ತು.

"ಸಾಯಿ! ಬಿಡಲ್ಲ!" ಎಂದು ಅಬ್ಬರಿಸಿ ಅವನು ಕಾಲು ಬೀಸಿದ. ಡಬ್ಬಗಳು ಉರುಳಿದವು. ಹಗ್ಗ ಕಿತ್ತುಬಂತು.

ತಂಗಿ ಮತ್ತೆ ಇಲ್ಲಿಗೇ ಬರುತ್ತಾಳೆಂದು ಅನುಮಾನಪಟ್ಟು ಹಿಂಬಾಲಿಸಿದ್ದ ಅಣ್ಣ ಒಳಗೆ ನುಗ್ಗಿದ. "ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ?" ಎಂದು ಟ್ರೇ ಎಳೆಯುವ ಕಬ್ಬಿಣದ ಕೊಕ್ಕೆ ಎತ್ತಿಯೇಬಿಟ್ಟ!

ಅವಳು ಬರಿಗೈಯಲ್ಲಿ ಕೊಕ್ಕೆ ಹಿಡಿದಳು. ಅಂಗೈ ಹರಿಯಿತು.

"ಅವರ ಕಣ್ಣು ನೋಡೋ ಅಣ್ಣ! ಮುಚ್ಚಿದೆ! ನಿದ್ದೆ ಮಾಡ್ತಿದಾರೆ! ಇದು ಕಾಯಿಲೆ ಕಣೋ!"

ಅಣ್ಣ ನೋಡಿದ. ಅವನ ಕೈ ತಾನಾಗಿಯೇ ಇಳಿಯಿತು.

ಅವಳು ದೂರವೇ ನಿಂತು ಗಂಡನ ಹೆಸರು ಹಿಡಿದು ಕೂಗಿದಳು. ಒಂದು ಸಲ... ಮತ್ತೊಂದು ಸಲ... ಅವನು ಏದುಸಿರು ಬಿಡುತ್ತಾ ಕಣ್ಣು ತೆರೆದ.

"ಯಾಕೆ ಬಂದೆ? ಹೋಗು! ನಾನು ನಿನ್ನ ಕೊಂದುಹಾಕ್ತೀನಿ!"

"ಯಾರನ್ನ ಸಾಯಿ ಅಂತಿದ್ರಿ?"

"...ನಾಯಿ." ಅವನು ಮಗುವಿನಂತೆ ಬಿಕ್ಕಿದ. "ದೊಡ್ಡ ನಾಯಿ. ದಿನಾ ಬಂದು ನಿನ್ನ ಮೇಲೆ ಎರಗುತ್ತೆ. ಅದರ ಕುತ್ತಿಗೆ ಹಿಸುಕ್ತಾ ಇದ್ದೆ ನಾನು. ಎದ್ದು ನೋಡಿದ್ರೆ ಕೈಯಲ್ಲಿ ನೀನು!"

"ಮತ್ತೆ ಬೇಡ ಅಂದಿದ್ದು?"

"ಅಮ್ಮನ ಬಾಳು ನಿಂಗೆ ಬರಬಾರದು ಅಂತ. ನಂದು ಕೆಟ್ಟ ರಕ್ತ ಕಣೇ..."

"ರಕ್ತ ಅಲ್ಲ, ಬೀಗ ಕೆಟ್ಟಿರೋದು. ರಿಪೇರಿಗೆ ಡಾಕ್ಟರು ಕಾಯ್ತಿದಾರೆ, ನಡೀರಿ."

ಅಣ್ಣ ಮೂಟೆಯ ಮೇಲೆ ಕುಸಿದು ಕೂತಿದ್ದ. "ನಾನು ಎಚ್ಚರವಾಗಿದ್ದೇ ಹೊಡೆದೆನಲ್ಲೋ..." ಎಂದು ಮುಖ ಮುಚ್ಚಿಕೊಂಡ. ಆಮೇಲೆ ಬಾಗಿಲು ಮೆಲ್ಲಗೆ ಮುಂದೆಳೆದುಕೊಂಡು ಹೊರಗೆ ಹೋದ.

ಅವಳು ಹತ್ತಿರ ಬಂದು ಗಂಡನ ಮಣಿಕಟ್ಟಿಗೆ ದುಪಟ್ಟಾ ಸುತ್ತಿದಳು. ಅವನು ಆ ಕೈಗಳನ್ನೇ ನೋಡುತ್ತಿದ್ದ.

"ಮುಂದೊಂದು ದಿನ ಇವೂ ಅಪ್ಪನ ಹಾಗೆ ನಡುಗಿದ್ರೆ?"

ಅವಳು ಸುಳ್ಳು ಹೇಳಲಿಲ್ಲ. "ನಡುಗಬಹುದಂತೆ. ಆಗ ನಿಮ್ಮನ್ನ ಬಸ್ ಹತ್ತಿಸೋಕೆ ನಾನೇ ಇರ್ತೀನಲ್ಲ. ಆದ್ರೆ ಅತ್ತೆ ಹಾಗೆ ಮೊಣಕೈ ಮುರಿಸ್ಕೊಳ್ಳಲ್ಲ ಅಂತ ಈಗಲೇ ಹೇಳಿದೀನಿ. ಮಂಚ ಬೇರೆ ಹಾಕ್ತೀನಿ."

ನಗಲು ಹೋಗಿ ಅವನು ಪಕ್ಕೆ ಹಿಡಿದುಕೊಂಡ. "ಎಷ್ಟು ದೂರ?"

"ನಿಮ್ಮ ಕೈಗೆ ಸಿಗದಷ್ಟು. ನನ್ನ ಕೂಗಿಗೆ ಸಿಗೋಷ್ಟು."

"ಮತ್ತೆ ಎಚ್ಚರ ಇದ್ದಾಗ, ಕಂಡಕ್ಟರಮ್ಮ?"

ಅವಳು ಅವನ ಮೈದಾ ಮೆತ್ತಿದ ಎದೆಗೆ ತಲೆಯಿಟ್ಟಳು.

"ಎಚ್ಚರ ಇದ್ದಾಗ ದೂರ ಯಾಕ್ರೀ?"