ಹರಗೋಲಿನ ಭಾರ

೧೯೪೬ರ ಚಳಿಗಾಲ. ದೇವದುರ್ಗದ ಕಡೆ ಕೃಷ್ಣಾ ಹೊಳೆಯಲ್ಲಿ ನಾನು ಹರಗೋಲು ಹಾಕಿ ಮಂದಿಯನ್ನು ದಾಟಿಸುತ್ತಿದ್ದೆ. ನಡುಗಡ್ಡೆಗೆ ಇಳಿದಿದ್ದ ವಲಸೆ ಹೆಬ್ಬಾತುಗಳನ್ನು ನೋಡಲು ರಾಯಚೂರಿನಿಂದ ದಡೂತಿ ಮೈಯ ಶರಣಯ್ಯ ಮಾಸ್ತರು, ಅವರ ಹೆಂಡತಿ ನೀಲಗಂಗಮ್ಮ, ಆಕೆಯ ತಮ್ಮ ಗಡಿಗೆಪ್ಪ ಬೆಳಿಗ್ಗೆಯೇ ಬಂದರು. ಎಂಟು ಮಂದಿಯನ್ನು ಹೊರುವ ಹರಗೋಲು ನನ್ನನ್ನೂ ಸೇರಿ ನಾಲ್ವರಿಗೇ ಅಂಚಿನತನಕ ಮುಳುಗಿತು.

“ನೀವೊಬ್ರೇ ಮೂರು ಮಂದಿ ಅದೀರಿ, ಮಾವಾ!” ಅಂದ ಗಡಿಗೆಪ್ಪ.

“ನಿಮ್ಮಕ್ಕ ಕಟ್ಟಿದ ರೊಟ್ಟಿ ಭಾರ ಅದಲೇ,” ಅಂದರು ಮಾಸ್ತರು.

ನನಗೆ ನಗು ಬರಲಿಲ್ಲ. ಅವರಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ಹೇಗೋ ನಡುಗಡ್ಡೆ ಮುಟ್ಟಿಸಿ ಮೂವರನ್ನೂ ಇಳಿಸಿದೆ. ಆದರೂ ಹರಗೋಲು ಮೇಲೇಳಲಿಲ್ಲ. ನೂರಾರು ಹೆಬ್ಬಾತುಗಳು ದನಿಯಿಲ್ಲದೆ ನನ್ನ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದವು. ಅಲ್ಲಿ ಕೈಯಿಟ್ಟರೆ ಕೊರೆಯುವ ತಂಪು.

“ಹೊಳ್ಳಿ ಹೋಗೂವಾಗ ಒಬ್ಬೊಬ್ಬರನ್ನೇ ದಾಟಿಸ್ತೀನ್ರಿ,” ಅಂದೆ.

“ಮೊದಲು ಇವರಿಬ್ಬರನ್ನ ಒಯ್ಯಪಾ. ನಾ ಹಕ್ಕಿ ನೋಡ್ಕೋತ ಕೂಡ್ತೀನಿ,” ಅಂದರು ಮಾಸ್ತರು.

ಎರಡು ಸಲಕ್ಕೆ ಅಕ್ಕ-ತಮ್ಮನನ್ನು ದಂಡೆ ಸೇರಿಸಿದೆ. ಭಾರ ಹಾಗೇ ಇತ್ತು. ಮಾಸ್ತರೊಬ್ಬರಿಗಾಗಿ ಮರಳಿ ನಡುಗಡ್ಡೆ ಮುಟ್ಟಿದ ಕೂಡಲೇ ಹರಗೋಲು ಗಕ್ಕನೆ ಹಗುರಾಯಿತು. ಹೆಬ್ಬಾತುಗಳು ಎರಡು ಪಾಲಾಗಿ ಸರಿದು ಯಾರಿಗೋ ದಾರಿ ಬಿಟ್ಟವು.

“ಲಗೂನ ಬರ್ರೀ ಮಾಸ್ತರಾ!” ಎಂದು ಕೂಗಿದೆ.

ಮಾಸ್ತರು ಓಡಿಬಂದು ನನ್ನೆದುರು ಕುಳಿತರು. ಅಂಥ ದಡೂತಿ ಮೈ ಕುಳಿತರೂ ಹರಗೋಲು ಒಂದು ಬೆರಳಿನಷ್ಟೂ ಕೆಳಗಿಳಿಯಲಿಲ್ಲ.