ಹ್ಯಾಂಡಲ್ ಹಿಡಿದ ಕೈ

ಚಾರ್ಟಿನ ಸುರುಳಿಯನ್ನು ಅವಳು ಯಾವಾಗಲೂ ಎಡಗೈಯಲ್ಲೇ ಕೊಡುತ್ತಿದ್ದಳು. ಬಲಗೈ ಬೆನ್ನ ಹಿಂದೆ ಅಡಗಿರುತ್ತಿತ್ತು. ಅದರ ಬೆರಳುಗಳಿಗೆ ಹತ್ತಿದ ಕಪ್ಪು ಇಂಕು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಇಂಕು ಯಾರ ಕಣ್ಣಿಗಾದರೂ ಬಿದ್ದರೆ ಅಪ್ಪನ ಕೆಲಸ ಹೋದಂತೆಯೇ.

ಅಪ್ಪ ಮೋಟಾರು ಶಾಲೆಯ ಡ್ರಾಯಿಂಗ್ ಮಾಸ್ತರರು. ಮೋಟಾರೆಂಬುದೇ ಹೊಸದಾಗಿದ್ದ ಕಾಲ ಅದು. ಎಂಜಿನ್ನಿನ ಹೊಟ್ಟೆಯೊಳಗೆ ಏನೇನಿದೆ ಎಂದು ಹುಡುಗರಿಗೆ ತೋರಿಸಬೇಕಾದರೆ ಗೋಡೆಯಗಲದ ಕಾಗದದ ಮೇಲೆ ಗೇರು, ಪಿಸ್ಟನ್ನುಗಳನ್ನು ಸೀಳಿಟ್ಟ ಹಾಗೆ ಕೈಯಲ್ಲೇ ಬರೆದು ತೂಗುಹಾಕಬೇಕಿತ್ತು. ಅಪ್ಪನ ಗೆರೆಯೆಂದರೆ ಗೆರೆ. ಒಂದು ನಟ್ಟು ಕೂಡ ಆಚೀಚೆ ಆಗುತ್ತಿರಲಿಲ್ಲ. ಆದರೆ ಹೋದ ವರ್ಷ ಕೈಗೆ ನಡುಕ ಬಂತು. "ಮನೆಯಲ್ಲಿ ಬೆಳಕು ಚೆನ್ನಾಗಿದೆ, ಅಲ್ಲೇ ಬರೆದು ಕಳಿಸ್ತೀನಿ" ಎಂದು ಅಪ್ಪ ಶಾಲೆಗೆ ಹೇಳಿದರು. ಬರೆಯತೊಡಗಿದವಳು ಮಗಳು. ಮೂಲೆಯಲ್ಲಿ ಸಹಿ ಮಾತ್ರ ಅಪ್ಪನದು, ಅದೂ ಅವಳು ಮೊಣಕೈ ಹಿಡಿದುಕೊಂಡರೆ.

ಸುರುಳಿ ಇಸಿದುಕೊಳ್ಳುತ್ತಿದ್ದವನು ಎಂಜಿನ್ ಪಾಠ ಮಾಡುವ ಚಿಕ್ಕ ಮೇಷ್ಟ್ರು.

"ನಿಮ್ಮ ಬಲಗೈಗೆ ನನ್ನ ಮೇಲೆ ಏನಾದ್ರೂ ಸಿಟ್ಟಾ?" ಎಂದು ಒಮ್ಮೆ ಕೇಳಿದ್ದ.

"ಅದಕ್ಕೆ ಬೇರೆ ಕೆಲಸ ಇದೆ," ಅಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಅವನು ನಕ್ಕ. ಅವನ ನೋಟ ಅವಳ ಎಡಗೈಯ ಕಿರುಬೆರಳಿನ ಮೇಲೆ ನಿಂತಿತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾದ ಬೆರಳು. ಮನೆ ಮುಟ್ಟುವ ತನಕ ಆ ನೋಟ ಬೆರಳಿನ ಮೇಲೇ ಕೂತಿದ್ದ ಹಾಗಿತ್ತು. ಇಷ್ಟಪಟ್ಟು ನೋಡಿದನೋ, ಅನುಮಾನಪಟ್ಟೋ? ಮೊದಲನೆಯದನ್ನು ನೆನೆದರೆ ಮೈ ಬೆಚ್ಚಗಾಗುತ್ತಿತ್ತು, ಎರಡನೆಯದಕ್ಕೆ ಕೈಕಾಲು ತಣ್ಣಗಾಗುತ್ತಿತ್ತು. ಪಾಪ, ಹುಡುಗಿಗೆ ಎರಡೂ ಒಟ್ಟಿಗೇ ಬರುತ್ತಿದ್ದವು.

ಈ ಸಲದ ಚಾರ್ಟು ಕಾರಿನ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡುವುದರದು. "ಹ್ಯಾಂಡಲ್ ಮೇಲೊಂದು ಕೈ ಇರ್ಲಿ. ಹೇಗೆ ಹಿಡೀಬೇಕು ಅಂತ ಹುಡುಗ್ರಿಗೆ ಕಾಣ್ಬೇಕು. ಅಪ್ಪನಿಗೆ ಹೇಳಿ," ಅಂದಿದ್ದ. ಮನೆಯಲ್ಲಿ ಹ್ಯಾಂಡಲ್ ಎಲ್ಲಿಂದ ಬರಬೇಕು? ಅಪ್ಪನಿಗೆ ಜ್ವರ, ಕೇಳುವ ಹಾಗಿರಲಿಲ್ಲ. ಕೊಡೆಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಅದನ್ನೇ ನೋಡಿ ಬಲಗೈಯಲ್ಲಿ ಬರೆದಳು. ಕೈ ಎಷ್ಟು ಚೆನ್ನಾಗಿ ಮೂಡಿತೆಂದರೆ ಅವಳಿಗೇ ಹೆಮ್ಮೆಯಾಯಿತು. ಪಾಠಕ್ಕೆ ಒಂದು ವಾರ ಮೊದಲೇ ಸುರುಳಿ ಮೇಷ್ಟ್ರ ಕೈ ಸೇರಿತು.

ಪಾಠದ ದಿನ ಬೆಳಿಗ್ಗೆ ಅವಳು ಬ್ರೆಡ್ಡು ತರಲು ಹೊರಟಿದ್ದಳು. ಬೀದಿಯ ತಿರುವಿನಲ್ಲಿ ಬಾಡಿಗೆ ಕಾರಿನ ಡ್ರೈವರಣ್ಣ ಹ್ಯಾಂಡಲ್ ಹಾಕಿ ಬಗ್ಗಿದ್ದ. ಅವನ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಮಲಗಿತ್ತು.

"ಏನಣ್ಣ, ಹೆಬ್ಬೆರಳಿಗೆ ರಜಾನಾ? ಸುತ್ತಿ ಹಿಡಿಯೋದಲ್ವಾ?"

"ಸುತ್ತಿ ಹಿಡಿದ್ರೆ ಮುಗೀತು ಕಥೆ! ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತೆ ಕಣಮ್ಮ. ಹೀಗಿದ್ರೆ ಹ್ಯಾಂಡಲ್ ಕೈ ಬಿಟ್ಟು ಹೋಗುತ್ತೆ. ಹೆಬ್ಬೆರಳು ಸುತ್ತಿದ್ರೆ ಕೈಯನ್ನೇ ತಿರುಚಿ ಮುರಿದು ಹಾಕುತ್ತೆ. ನಮ್ಮ ಭಾವ ಇವತ್ತಿಗೂ ಆ ಕೈಯಲ್ಲಿ ಲೋಟ ಎತ್ತಲ್ಲ."

ಅವಳು ಬರೆದ ಚಾರ್ಟಿನ ಕೈಯ ಹೆಬ್ಬೆರಳು ಹ್ಯಾಂಡಲ್ಲನ್ನು ಸುತ್ತಿ ಹಿಡಿದಿತ್ತು. ಇವತ್ತು ಹುಡುಗರು ಅದನ್ನು ನೋಡಿಯೇ ಹಿಡಿಯುತ್ತಾರೆ.

ಬ್ರೆಡ್ಡಿನ ಚೀಲ ಎಲ್ಲಿ ಬಿತ್ತೋ, ಅವಳು ಓಡಿದಳು. ಎದುರಿಗೆ ಬಂದವರೆಲ್ಲ ಬೇಕೆಂದೇ ನಿಧಾನ ನಡೆಯುತ್ತಿದ್ದಾರೆ ಅನ್ನಿಸಿತು. ದಾರಿಯುದ್ದಕ್ಕೂ ಮುರಿದ ಮೂಳೆಯ ಸದ್ದು ಕಿವಿಯಲ್ಲಿ ಕೇಳುತ್ತಿತ್ತು. ಇನ್ನೂ ಆಗದ ಸದ್ದು ಅದು, ಆದರೂ ಕೇಳುತ್ತಿತ್ತು.

ಶಾಲೆಯ ಶೆಡ್ಡಿನಲ್ಲಿ ಹುಡುಗರು ಕಾರಿನ ಸುತ್ತ ನಿಂತಿದ್ದರು. ಪ್ರಿನ್ಸಿಪಾಲರು ಕುರ್ಚಿ ಹಾಕಿಸಿಕೊಂಡು ಪಾಠ ನೋಡುತ್ತಿದ್ದರು. ಗೋಡೆಯ ಮೇಲೆ ಅವಳ ಚಾರ್ಟು. ಮೇಷ್ಟ್ರು ಸ್ಟಿಯರಿಂಗಿನ ಹತ್ತಿರ ಏನನ್ನೋ ಸರಿಮಾಡುತ್ತಿದ್ದ. ಕಾರಿನ ಮುಂದೆ ಬಗ್ಗಿದ ವಿದ್ಯಾರ್ಥಿಯ ಹೆಬ್ಬೆರಳು, ಥೇಟ್ ಚಿತ್ರದ ಹಾಗೆ, ಹ್ಯಾಂಡಲ್ಲಿಗೆ ಸುತ್ತಿಕೊಂಡಿತ್ತು.

"ಬಿಡು! ಕೈ ಬಿಡು! ಚಿತ್ರ ತಪ್ಪಿದೆ!"

ಹುಡುಗ ಬೆಚ್ಚಿ ಹಿಂದೆ ಸರಿದ. ಮೇಷ್ಟ್ರು ಒಮ್ಮೆ ಚಾರ್ಟು ನೋಡಿದ, ಒಮ್ಮೆ ಹುಡುಗನ ಕೈ ನೋಡಿದ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಪ್ರಿನ್ಸಿಪಾಲರು ಎದ್ದು ನಿಂತರು. "ಏನಮ್ಮ ಇದು? ನಿಮ್ಮಪ್ಪ ಬರೆದದ್ದು ತಪ್ಪು ಅಂತ ನಿನಗೆ ಹೇಗೆ ಗೊತ್ತು?"

'ಅಪ್ಪನೇ ಹೇಳಿ ಕಳಿಸಿದರು' ಎಂಬ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅದೊಂದನ್ನು ಹೇಳಿಬಿಟ್ಟರೆ ಮನೆ ಉಳಿಯುತ್ತಿತ್ತು. ಆದರೆ ಒಂದು ನಟ್ಟನ್ನೂ ತಪ್ಪು ಬರೆಯದ ಅಪ್ಪನ ತಲೆಗೆ ಈ ತಪ್ಪು ಕಟ್ಟಬೇಕಾಗುತ್ತಿತ್ತು.

"ಅಪ್ಪ ಇಂಥ ತಪ್ಪು ಮಾಡೋರಲ್ಲ ಸರ್. ಬರೆದಿದ್ದು ನಾನು. ಒಂದು ವರ್ಷದಿಂದ ಎಲ್ಲಾನೂ ನಾನೇ," ಎಂದು ಬಲಗೈ ಮುಂದೆ ಚಾಚಿದಳು. ಇಂಕಿನ ಬೆರಳುಗಳನ್ನು ಎಲ್ಲರೂ ನೋಡಿದರು.

"ಚಾರ್ಟು ನೋಡಿ ಪಾಸ್ ಮಾಡಿದ್ದು ನಾನು ಸರ್," ಎಂದು ಮೇಷ್ಟ್ರು ಮುಂದೆ ಬಂದ. "ತಪ್ಪು ನನ್ನದೇ."

"ಕಣ್ಣು ಎಲ್ಲಿಟ್ಟಿದ್ರಿ?"

ಮೇಷ್ಟ್ರ ಕಿವಿ ಕೆಂಪಗಾಯಿತು.

ಪ್ರಿನ್ಸಿಪಾಲರು ಗೋಡೆಯ ಚಾರ್ಟುಗಳನ್ನೆಲ್ಲ ಒಂದೊಂದಾಗಿ ನೋಡಿಕೊಂಡು ಬಂದರು. "ನಿಮ್ಮಪ್ಪ ಇನ್ನು ಕೆಲಸಕ್ಕೆ ಬರೋದು ಬೇಡ," ಅಂದರು. ಬಾಗಿಲ ತನಕ ಹೋಗಿ ತಿರುಗಿ, "ಇದನ್ನ ಸರಿಮಾಡಿ ನಿನ್ನ ಸಹಿ ಹಾಕು. ಇನ್ನು ಚಿತ್ರ ಬೇಕಾದ್ರೆ ನಿನಗೇ ಹೇಳಿ ಕಳಿಸ್ತೀವಿ," ಎಂದು ಹೊರಟುಹೋದರು.

ಹುಡುಗರು ಚದುರಿದ ಮೇಲೆ ಅವಳು ಚಾರ್ಟನ್ನು ಮೇಜಿನ ಮೇಲೆ ಹರಡಿ, ಬ್ಲೇಡಿನಿಂದ ಹೆಬ್ಬೆರಳಿನ ಇಂಕು ಕೆರೆಯತೊಡಗಿದಳು. ಮೇಷ್ಟ್ರು ಹ್ಯಾಂಡಲ್ ತಂದು ಪಕ್ಕದಲ್ಲಿಟ್ಟ.

"ಇಷ್ಟು ದಿನ ಈ ಚಾರ್ಟು ನಿಮ್ಮ ಹತ್ರಾನೇ ಇತ್ತಲ್ಲ," ಅವಳು ತಲೆಯೆತ್ತದೆ ಕೇಳಿದಳು. "ದಿನಾ ಹ್ಯಾಂಡಲ್ ಹಿಡಿಯೋ ನಿಮಗೆ ಹೆಬ್ಬೆರಳು ಕಾಣಿಸ್ಲೇ ಇಲ್ವಾ?"

"ಇಲ್ಲ."

"ಅದು ಹೇಗೆ?"

"ನಾನು ಕಿರುಬೆರಳು ನೋಡ್ತಾ ಕೂತಿದ್ದೆ."

ಬ್ಲೇಡು ನಿಂತಿತು. ಚಿತ್ರದ ಕೈಯಲ್ಲಿ ಅವಳದೇ ಸೊಟ್ಟ ಕಿರುಬೆರಳು ಇದ್ದ ಹಾಗೇ ಇತ್ತು. ಬರೆಯುವಾಗ ಅವಳಿಗೆ ಅದು ಹೊಳೆದೇ ಇರಲಿಲ್ಲ.

"ಸುರುಳಿ ಬಿಚ್ಚಿದ ಕೂಡಲೇ ಗೊತ್ತಾಯ್ತು, ಇದು ನಿಮ್ಮ ಕೈ ಅಂತ. ಬರೆದೋರು ನೀವೇ ಅಂತಾನೂ. ದಿನಾ ಅದನ್ನೇ ತೆಗೆದು ನೋಡೋದು, ಸುತ್ತಿಡೋದು. ಆ ಹುಡುಗನ ಕೈ ಮುರಿದಿದ್ರೆ ನನ್ನಿಂದ ಮುರೀತಿತ್ತು. ನೋಡಿ, ಇನ್ನೂ ನಿಂತಿಲ್ಲ." ಚಾಚಿದ ಅವನ ಕೈ ಅಪ್ಪನ ಕೈಯ ಹಾಗೆಯೇ ನಡುಗುತ್ತಿತ್ತು.

ಅವಳು ಹ್ಯಾಂಡಲ್ ಹಿಡಿದಳು. ಅವನು ಅವಳ ಹೆಬ್ಬೆರಳನ್ನು ಮೆಲ್ಲಗೆ ಎತ್ತಿ, ಉಳಿದ ಬೆರಳುಗಳ ಪಕ್ಕಕ್ಕೆ ಸೇರಿಸಿದ. ಬೇಗ ಬಿಡಬಹುದಿತ್ತು, ಬಿಡಲಿಲ್ಲ. ಅವಳೂ ಕೈ ಎಳೆದುಕೊಳ್ಳಲಿಲ್ಲ.

"ಅಪ್ಪನಿಗೆ ಹೇಗೆ ಹೇಳ್ಲಿ?" ಅವಳ ಕಣ್ಣು ತುಂಬಿತು. "ಜೀವ ಹೋಗ್ತಿದೆ ನನಗೆ."

"ನಾನೂ ಬರ್ತೀನಿ. ನನಗೂ ಅವರ ಹತ್ರ ಕೇಳೋದೊಂದಿದೆ." ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ. "ಪ್ರಿನ್ಸಿಪಾಲರ ಮುಂದೆ ಇಷ್ಟು ಭಯ ಆಗಿರ್ಲಿಲ್ಲ."

ಅಳುತ್ತಿದ್ದವಳಿಗೆ ನಗು ಬಂತು. ಹೊಸ ಹೆಬ್ಬೆರಳು ಬರೆದು, ಮೂಲೆಯಲ್ಲಿ ಮೊದಲ ಸಲ ತನ್ನ ಸಹಿ ಹಾಕಿದಳು. ಇಂಕು ಒಣಗಿದ ಮೇಲೆ ಚಾರ್ಟನ್ನು ಸುತ್ತಿ ಅವನಿಗೆ ಕೊಟ್ಟಳು, ಬಲಗೈಯಲ್ಲಿ.