ಕೊಡದೆ ಉಳಿದ ಕುಸುರೆಳ್ಳು

"ಸರ, ನನ್ನ ವಹಿ ಇಲ್ಲ!"

ಸಂಕ್ರಾಂತಿಯ ಬೆಳಿಗ್ಗೆ. ಶೇಡಬಾಳದ ದಶರಥ ಮಾಸ್ತರರ ಪಡಸಾಲೆಯಲ್ಲಿ ಯಾಸ್ಮಿನ ಟೀಪಾಯಿಯ ಕೆಳಗೆಲ್ಲ ತಡಕಾಡುತ್ತಿದ್ದಳು. ಮೂರು ವರ್ಷದ ಗಣಿತ ಸಂಶೋಧನೆ, ಎಲ್ಲ ಆ ಒಂದೇ ನೋಟುಬುಕ್ಕಿನಲ್ಲಿ, ಕೈಬರಹ. ನಾಳೆ ಚಿಕ್ಕೋಡಿಯಲ್ಲಿ ಪರೀಕ್ಷಕರ ಮುಂದೆ ಇಡಬೇಕು. ವಹಿ ಇಲ್ಲದಿದ್ದರೆ ಪದವಿಯೂ ಇಲ್ಲ. ಜೆರಾಕ್ಸ್ ಮಾಡಿಸಬೇಕೆಂದು ಆರು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದಳು, ಪುಣ್ಯಾತ್ಗಿತ್ತಿ!

ಅಮ್ಮಿಯ ಫೋನು ಬಂತೆಂದು ಆಕೆ ವಹಿಯನ್ನು ಟೀಪಾಯಿ ಮೇಲಿಟ್ಟು ಮಾಳಿಗೆ ಹತ್ತಿದ್ದಳು. ಮಾಸ್ತರರು ಸ್ನಾನದಲ್ಲಿದ್ದರು. ಪಡಸಾಲೆ ಖಾಲಿ. ಇಳಿದು ಬಂದಾಗ ಮೂವರು ಕುಳಿತಿದ್ದರು — ಅಲಖನೂರಿನಿಂದ ಬಂದ ಮಾಸ್ತರರ ಅಕ್ಕ ಸಾವಿತ್ರೆವ್ವ, ನೆರೆಮನೆಯ ಮುದುಕ ತವನಪ್ಪ, ಮಾಸ್ತರರ ಇನ್ನೊಬ್ಬ ಶಿಷ್ಯ ರೋಹನ. ಮೊದಲು ಬಂದವರಷ್ಟೇ ವಹಿಯ ಜೊತೆ ಒಂಟಿಯಾಗಿದ್ದವರು. ಯಾರವರು?

"ನಾ ಬರೂದ್ರಾಗ ಇಬ್ರೂ ಇದ್ರು," ಎಂದ ರೋಹನ.

"ಇಲ್ಲಪ್ಪ, ಕಡೀಕ ಬಂದಾಕಿ ನಾನ," ಎಂದಳು ಸಾವಿತ್ರೆವ್ವ, ಸೆರಗು ಸರಿಮಾಡಿಕೊಳ್ಳುತ್ತ.

"ನಾ ಬಂದಾಗ ಯಾರೋ ಒಬ್ರು ಕುಂತಿದ್ರು," ಎಂದ ತವನಪ್ಪ. "ಕಣ್ಣಾಗ ಮೋತಿಬಿಂದು, ಎಲ್ಲಾ ಮಬ್ಬ ಕಾಣತೈತಿ. ಗಂಡಸೋ ಹೆಂಗಸೋ ತಿಳೀಲಿಲ್ರಿ. ನಮಸ್ಕಾರ ಅಂದ್ನಿ, ಹೂಂ ಅನ್ಲಿಲ್ಲ."

ಯಾಸ್ಮಿನಳ ಕಣ್ಣು ರೋಹನನ ಮೇಲೆ ನಿಂತಿತು. ಅವನದೂ ಹೆಚ್ಚುಕಡಿಮೆ ಅದೇ ವಿಷಯ. ಹೋದ ವಾರವಷ್ಟೇ ವಹಿ ಕೇಳಿದ್ದ.

"ಕೊಟ್ಟಬಿಡು ರೋಹನಾ."

"ಬೇಕಾದ್ರ ನನ್ನ ಚೀಲಾ ನೋಡಕೊ!" ಅವನು ಚೀಲವನ್ನು ಅವಳ ಮುಂದೆ ಇಟ್ಟ.

"ಯಾರ ಚೀಲಾನೂ ಬಿಚ್ಚಬ್ಯಾಡ್ರಿ," ಎಂದರು ಒದ್ದೆ ತಲೆ ಒರೆಸಿಕೊಳ್ಳುತ್ತಿದ್ದ ಮಾಸ್ತರರು. "ಯಾಸ್ಮಿನ, ವಹಿಯೊಳಗ ಏನಿತ್ತು? ಎಲ್ಲಾರಿಗೂ ತಿಳಿಯೂಹಂಗ ಹೇಳು."

"ಈಗ್ಯಾಕ್ರಿ ಸರ?"

"ಹೇಳು."

ಯಾಸ್ಮಿನ ಮೂಗು ಒರೆಸಿಕೊಂಡಳು. "ಚುಕ್ಕಿ ಒಂದೊಂದ ಬರ್ತಾವ್ರಿ. ಹೊಸಾ ಚುಕ್ಕಿ ಅಲ್ಲಿದ್ದ ಎಲ್ಲಾ ಚುಕ್ಕಿಗೂ ಗೆರಿ ಎಳದ್ರ ಒಂದು ಬರೀತೀನಿ. ಯಾವುದಕ್ಕೂ ಎಳೀಲಿಲ್ಲಂದ್ರ ಸೊನ್ನಿ. ಚಿತ್ರ ಹೆಂಗ ತಿರುವಿದ್ರೂ ಯಾವ ಚುಕ್ಕಿಗೆ ಎಷ್ಟ ಗೆರಿ ಅನ್ನೂದು ಬದಲಾಗೂದಿಲ್ಲ. ಅದರಿಂದ ಯಾವುದು ಮೊದಲ, ಯಾವುದು ಆಮ್ಯಾಲ ಅಂತ ಬಹಳಷ್ಟು ತಿಳೀತೈತ್ರಿ."

ಮಾಸ್ತರರು ತಿರುಗಿದರು. "ತವನಪ್ಪಾ, ಇವತ್ತ ಇಲ್ಲಿ ನಿನಗ ಎಷ್ಟ ಮಂದಿ ಎಳ್ಳು ಕೊಟ್ರು?"

"ಒಬ್ರೂ ಇಲ್ರಿ."

"ರೋಹನಾ?"

"ನಂದೂ ಸೊನ್ನಿ."

"ನೀವಿಬ್ರೂ ಬರಿಗೈಲೆ ಬಂದೀರಿ. ಅಕ್ಕ ಡಬ್ಬಿ ತಂದಾಳ. ಆಕಿ ಎಳ್ಳು ಕೊಡೂದಂದ್ರ ಗೆರಿ ಎಳದಂಗ."

ಎಲ್ಲರ ಕಣ್ಣೂ ಸಾವಿತ್ರೆವ್ವನ ಚೀಲದ ಬಾಯಲ್ಲಿ ಇಣುಕುತ್ತಿದ್ದ ಕುಸುರೆಳ್ಳಿನ ಡಬ್ಬಿಗೆ ಹೋದವು.

"ಅಕ್ಕಾ, ಸಂಕ್ರಮಣದ ದಿನಾ ಎಳ್ಳು ಕೊಡದ ನೀ ಯಾರ ಮನ್ಯಾಗರ ಕುಂತಾಕಿ ಏನು? ನಡುವ ಬಂದಿದ್ರ ಒಬ್ಬರಿಗಿ ಕೊಡತಿದ್ದಿ, ಕಡೀಕ ಬಂದಿದ್ರ ಇಬ್ಬರಿಗಿ. ಯಾರಿಗೂ ಕೊಟ್ಟಿಲ್ಲ. ಯಾಕಂದ್ರ ನೀ ಬಂದಾಗ ಇಲ್ಲಿ ಯಾರೂ ಇರಲಿಲ್ಲ. ಆಮ್ಯಾಲ ಡಬ್ಬಿ ತಗದ್ರ ಅದರ ಬುಡಕಿನ ವಹಿ ಕಾಣತಿತ್ತು. ಹೌದಲ್ಲ?"

ಸಾವಿತ್ರೆವ್ವ ಗಳಗಳ ಅತ್ತುಬಿಟ್ಟಳು.

"ಬರೇ ಸೊನ್ನಿ, ಒಂದು, ನಡುವ ಗೆರಿ... ನಮ್ಮನ್ಯಾವ್ರು ಹಿಂಗ ಮಟಕಾ ಜೂಜಿನ ಚಾರ್ಟ ಬರಕೊಂತ ಕುಂತ ಸಂಸಾರಾ ಮುಳಗಿಸಿದ್ರು. ವಹಿ ನಿಂದ ಇರಬೇಕು, ನೀನೂ ಆ ಚಟಾ ಹಿಡದಿ ಅನ್ಕೊಂಡ್ನೋ ತಮ್ಮಾ! ಮನಿಗಿ ಒಯ್ದು ಒಲಿಗಿ ಹಾಕಾಕಿ ಇದ್ನಿ. ಈಕಿದು ಅಂತ ತಿಳದ ಮ್ಯಾಲ ಹೇಳಾಕ ನಾಚಿಕಿ ಆತು."

ವಹಿ ಹೊರಬಂತು, ಒಂದು ಹಾಳೆಯೂ ಮುಕ್ಕಾಗಿರಲಿಲ್ಲ. ಯಾಸ್ಮಿನ ಅದನ್ನು ಎದೆಗೊತ್ತಿಕೊಂಡಳು. ಮುದುಕಿಯ ಮೇಲೆ ಸಿಟ್ಟು ಮಾಡಬೇಕೆಂದರೂ ಬರಲಿಲ್ಲ.

"ತಪ್ಪಾತಬೇ ಯವ್ವಾ. ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು," ಎಂದು ಸಾವಿತ್ರೆವ್ವ ಆಕೆಯ ಬೊಗಸೆ ತುಂಬಿಸಿದಳು.

ಅಷ್ಟರಲ್ಲಿ ರೋಹನ ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತಿದ್ದ. ಯಾಸ್ಮಿನಳಿಗೆ ನಾಚಿಕೆಯಾಯಿತು. ಓಡಿಹೋಗಿ ಬೊಗಸೆ ಚಾಚಿದಳು.

"ತಗೋ ರೋಹನಾ. ನಿನ್ನ ಮ್ಯಾಲ ಸಂಶೆ ಪಟ್ನಿ."

ಅವನು ಚಪ್ಪಲಿ ಕಳಚಿ ಹೊಸ್ತಿಲೊಳಗೆ ಬಂದ. ಆಮೇಲೆ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡ.

"ನಂದು ಸೊನ್ನಿ ಇತ್ತಲ್ಲ," ಎಂದ. "ಈಗ ಒಂದು ಅಂತ ಬರಕೊ."